ಇನಾಮಿನಿಂದ ಎನ್‌ಪಿಎಸ್‌ವರೆಗೆ: ಬೆಂಗಳೂರು ಗ್ರಾಮಾಂತರದಲ್ಲಿ ಮುಪ್ಪಿನ ಭದ್ರತೆಯ ಚರಿತ್ರೆ

ಕರ್ನಾಟಕ ಸರ್ಕಾರದ ಸೇವೆಗೆ 2006ರ ಮಾರ್ಚ್ 31ರಂದು ಸೇರಿದವರಿಗೂ ಮರುದಿನ, ಅಂದರೆ ಏಪ್ರಿಲ್ 1ರಂದು, ಸೇರಿದವರಿಗೂ ವಿದ್ಯಾರ್ಹತೆಯಲ್ಲಾಗಲಿ, ಹುದ್ದೆಯಲ್ಲಾಗಲಿ, ಹೊರಬೇಕಾದ ಹೊಣೆಯಲ್ಲಾಗಲಿ ಯಾವ ಭೇದವೂ ಇರಲಿಲ್ಲ; ಭೇದವೆಲ್ಲ ಮೂವತ್ತು ಮೂವತ್ತೈದು ವರ್ಷಗಳ ನಂತರದ ಬದುಕಿನಲ್ಲಿತ್ತು. ಮೊದಲಿನವರಿಗೆ ಕೊನೆಯ ವೇತನದ ಅರ್ಧದಷ್ಟು ಪಿಂಚಣಿ ಜೀವವಿರುವವರೆಗೂ ನಿಶ್ಚಿತ, ಎರಡನೆಯವರಿಗೆ ಷೇರು ಮತ್ತು ಸಾಲಪತ್ರಗಳ ಮಾರುಕಟ್ಟೆ ಆ ಹೊತ್ತಿಗೆ ಎಷ್ಟು ಕೊಡುತ್ತದೆಯೋ ಅಷ್ಟು. ಪಿಂಚಣಿಯ ಪ್ರಶ್ನೆಯನ್ನು ಮುದುಕರು ಮತ್ತು ಯುವಕರ ನಡುವಿನ ವ್ಯಾಜ್ಯವೆಂಬಂತೆ ಚರ್ಚಿಸುವುದು ಜಗತ್ತಿನ ಹಲವೆಡೆ ರೂಢಿಯಲ್ಲಿದೆ. ಆದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಅನುಭವವನ್ನು ಕ್ರಮವಾಗಿ ನೋಡುತ್ತ ಬಂದರೆ, ಅನ್ಯಾಯದ ಗೆರೆ ವಯಸ್ಸಿನ ಮೇಲೆ ಬಿದ್ದದ್ದಕ್ಕಿಂತ ಹೆಚ್ಚಾಗಿ ನೇಮಕಾತಿಯ ದಿನಾಂಕದ ಮೇಲೆ ಮತ್ತು ಸರ್ಕಾರದ ಸಂಬಳದ ಪಟ್ಟಿಯಲ್ಲಿ ಹೆಸರು ಇದೆಯೋ ಇಲ್ಲವೋ ಎಂಬುದರ ಮೇಲೆ ಬಿದ್ದಿರುವುದು ಸ್ಪಷ್ಟವಾಗುತ್ತದೆ.

ಪಿಂಚಣಿ ಎಂಬ ವ್ಯವಸ್ಥೆ ಬರುವುದಕ್ಕೆ ಮೊದಲು ಈ ಸೀಮೆಯಲ್ಲಿ ಸೇವೆಗೂ ಮುಪ್ಪಿಗೂ ಇದ್ದ ಆಧಾರ ಭೂಮಿಯೇ. ಯುದ್ಧದಲ್ಲಿ ಮಡಿದವನ ಕುಟುಂಬಕ್ಕೆ ನೀಡುತ್ತಿದ್ದ ಭೂದಾನವನ್ನು ಶಾಸನಗಳು ನೆತ್ತರುಕೊಡಗೆ ಎಂದು ಕರೆಯುತ್ತವೆ. ಮೈಸೂರು ಸಂಸ್ಥಾನದ ಕಾಲದಲ್ಲಿ ಲೆಕ್ಕ ಬರೆಯುವ ಶಾನುಭೋಗ, ಕಂದಾಯ ಎತ್ತುವ ಪಟೇಲ, ಊರ ಕಾವಲಿನ ತಳವಾರ, ಓಲೆ ಒಯ್ಯುವ ತೋಟಿ, ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವ ನೀರಗಂಟಿ ಇವರೆಲ್ಲರಿಗೂ ಸೇವಾ ಇನಾಮು, ಅಂದರೆ ಕೆಲಸಕ್ಕೆ ಪ್ರತಿಯಾಗಿ ಕಂದಾಯವಿಲ್ಲದೆಯೋ ಅಲ್ಪ ಕಂದಾಯಕ್ಕೋ ಅನುಭವಿಸುವ ಜಮೀನು, ಇರುತ್ತಿತ್ತು. ಅದರ ಜೊತೆಗೆ ಸುಗ್ಗಿಯ ಕಣದಲ್ಲಿ ಧಾನ್ಯದ ರೂಪದ ಆಯವೂ ಸಿಗುತ್ತಿತ್ತು. ತಂದೆಗೆ ವಯಸ್ಸಾದಾಗ ಕೆಲಸವೂ ಜಮೀನೂ ಒಟ್ಟಿಗೆ ಮಗನಿಗೆ ದಾಟುತ್ತಿದ್ದುದರಿಂದ ನಿವೃತ್ತಿ ಎಂಬ ಪ್ರತ್ಯೇಕ ಘಟ್ಟವೇ ಇರಲಿಲ್ಲ, ಮುದುಕನ ಊಟ ಮಗನ ದುಡಿಮೆಯೊಳಗೇ ಸೇರಿಹೋಗಿತ್ತು. ಈ ಏರ್ಪಾಡನ್ನು ಹಳೆಯ ಕಾಲದ ಸೌಹಾರ್ದವೆಂದು ಹೊಗಳುವವರು ಒಂದು ಮಾತನ್ನು ಮರೆಯಬಾರದು: ಹುದ್ದೆಗಳು ಜಾತಿ ಮತ್ತು ಮನೆತನಕ್ಕೆ ಕಟ್ಟುಬಿದ್ದಿದ್ದವು, ಮಗನಿಲ್ಲದ ವಿಧವೆಗೂ ತುಂಡು ನೆಲವಿಲ್ಲದ ಕೂಲಿಯವನಿಗೂ ಇದರಲ್ಲಿ ಜಾಗವಿರಲಿಲ್ಲ.

ಈ ವಂಶಪಾರಂಪರ್ಯ ಹುದ್ದೆಗಳನ್ನು ತೆಗೆದುಹಾಕಿದ 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆಯು 1963ರ ಫೆಬ್ರವರಿ 1ರಂದು ಜಾರಿಗೆ ಬಂದಿತು. ಶಾನುಭೋಗರ ಜಾಗಕ್ಕೆ ಸಂಬಳ ಪಡೆಯುವ, ವರ್ಗಾವಣೆಯಾಗುವ, ನಿವೃತ್ತಿಯಾದರೆ ಪಿಂಚಣಿಗೆ ಅರ್ಹನಾಗುವ ಗ್ರಾಮ ಲೆಕ್ಕಿಗ ಬಂದ. ಇನಾಮು ಜಮೀನುಗಳು ಸರ್ಕಾರಕ್ಕೆ ಸೇರಿ, ನಿಗದಿತ ಹಣ ಕಟ್ಟಿದ ಹಳೆಯ ಹಿಡುವಳಿದಾರರಿಗೆ ಮರುಮಂಜೂರಾದವು. ಹೀಗೆ ಮರುಮಂಜೂರಾದ ಜಮೀನನ್ನು 15 ವರ್ಷಗಳವರೆಗೆ ಪರಭಾರೆ ಮಾಡಬಾರದೆಂಬ ನಿರ್ಬಂಧವನ್ನು 1978ರ ತಿದ್ದುಪಡಿ ತಂದಿತು. ತೋಟಿ, ತಳವಾರ, ನೀರಗಂಟಿಗಳ ಮನೆಗಳಿಗೆ ಆ ಒಂದೆರಡು ಎಕರೆಯೇ ಮುಂದಿನ ತಲೆಮಾರಿನ ಏಕೈಕ ಆಸ್ತಿಯಾಗಿ ಉಳಿಯಿತು.

ಸರ್ಕಾರಿ ಪಿಂಚಣಿಯ ಮೂಲವಾದರೋ ಬ್ರಿಟಿಷರ ಆಡಳಿತದಲ್ಲಿದೆ, ಮೈಸೂರು ಸಂಸ್ಥಾನವೂ ತನ್ನ ಅಧಿಕಾರಿಗಳಿಗೆ ಅದನ್ನು ಅಳವಡಿಸಿಕೊಂಡಿತು. ಇಲ್ಲಿ ಗಮನಿಸಲೇಬೇಕಾದ ಸಂಗತಿಯೊಂದಿದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1891ರಲ್ಲಿ, ಮೈಸೂರು ಸರ್ಕಾರ ತನ್ನ ನೌಕರರಿಗಾಗಿ ಜೀವವಿಮಾ ವ್ಯವಸ್ಥೆಯನ್ನು ಆರಂಭಿಸಿತು. ಇಂದು ಕೆಜಿಐಡಿ ಎಂದು ಪ್ರತಿಯೊಬ್ಬ ನೌಕರನ ಸಂಬಳದ ಚೀಟಿಯಲ್ಲಿ ಕಾಣುವ ಕಡಿತ ಅದರದೇ ಮುಂದುವರಿಕೆ. ವಿಮೆಗೆ ನೌಕರನ ವಂತಿಗೆ ಕೂಡಿಟ್ಟ ನಿಧಿಯಿದೆ, ಪಿಂಚಣಿಗೆ ಅಂಥ ನಿಧಿಯೇ ಇಲ್ಲ. ಈ ವರ್ಷದ ತೆರಿಗೆಯಿಂದ ಈ ವರ್ಷದ ನಿವೃತ್ತರಿಗೆ ಪಾವತಿಸಿ, ಮುಂದಿನ ವರ್ಷದ ನಿವೃತ್ತರನ್ನು ಮುಂದಿನ ವರ್ಷದ ತೆರಿಗೆದಾರರಿಗೆ ಬಿಡುವ ಪದ್ಧತಿಯನ್ನು ಸರ್ಕಾರಗಳು ಆರಿಸಿಕೊಂಡವು. ನಿಧಿ ಕಟ್ಟುವ ವಿದ್ಯೆ ಗೊತ್ತಿದ್ದ ಸಂಸ್ಥಾನವೊಂದು ಪಿಂಚಣಿಯ ವಿಷಯದಲ್ಲಿ ಅದನ್ನು ಬಳಸದೆ ಹೋದದ್ದು ಮುಂದಿನ ನೂರು ವರ್ಷಗಳ ಲೆಕ್ಕವನ್ನು ನಿರ್ಧರಿಸಿತು.

ಈ ಪದ್ಧತಿ ನಡೆಯಬೇಕಾದರೆ ದುಡಿಯುವವರ ಸಂಖ್ಯೆ ಬೆಳೆಯುತ್ತಿರಬೇಕು, ನಿವೃತ್ತಿಯ ನಂತರದ ಆಯುಷ್ಯ ಕಡಿಮೆಯಿರಬೇಕು. ಜರ್ಮನಿಯಲ್ಲಿ ಬಿಸ್ಮಾರ್ಕ್ 1889ರಲ್ಲಿ ತಂದ ವೃದ್ಧಾಪ್ಯ ವಿಮೆಯೂ ಬ್ರಿಟನ್ನಿನ 1908ರ ವೃದ್ಧಾಪ್ಯ ಪಿಂಚಣಿ ಕಾಯ್ದೆಯೂ 70 ವರ್ಷ ದಾಟಿದವರಿಗೆ ಮಾತ್ರ ಅನ್ವಯಿಸುತ್ತಿದ್ದವು, ಆ ವಯಸ್ಸು ಮುಟ್ಟುವವರೇ ಆಗ ಕಡಿಮೆ. ಕರ್ನಾಟಕದಲ್ಲಿ ನಿವೃತ್ತಿ ವಯಸ್ಸು 2008ರಲ್ಲಿ 58ರಿಂದ 60ಕ್ಕೆ ಏರಿತಾದರೂ ನಿವೃತ್ತಿಯ ಬಳಿಕ ಇಪ್ಪತ್ತು ಇಪ್ಪತ್ತೈದು ವರ್ಷ ಬದುಕುವುದು, ಆನಂತರ ಗಂಡ ಅಥವಾ ಹೆಂಡತಿ ಕುಟುಂಬ ಪಿಂಚಣಿ ಪಡೆಯುವುದು ಸಾಮಾನ್ಯವಾಯಿತು. ಇನ್ನೊಂದೆಡೆ ರಾಜ್ಯದ ಒಟ್ಟು ಫಲವಂತಿಕೆ ದರ, ಅಂದರೆ ಒಬ್ಬ ಮಹಿಳೆ ಸರಾಸರಿ ಹೆರುವ ಮಕ್ಕಳ ಸಂಖ್ಯೆ, ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆಗೆ 1.7ಕ್ಕೆ ಇಳಿದಿತ್ತು. ಒಂದು ತಲೆಮಾರಿನ ಜಾಗವನ್ನು ಪೂರ್ತಿ ತುಂಬಲು ಇದು ಸಾಲದು.

ಪಿಂಚಣಿಯ ಸ್ವರೂಪವನ್ನು ಕಾನೂನಿನಲ್ಲಿ ಗಟ್ಟಿಗೊಳಿಸಿದ್ದು 1982ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ನೀಡಿದ ಡಿ.ಎಸ್. ನಕಾರಾ ಪ್ರಕರಣದ ತೀರ್ಪು. ಪಿಂಚಣಿಯು ಸರ್ಕಾರದ ಕೃಪೆಯಲ್ಲ, ಹಿಂದೆ ಸಲ್ಲಿಸಿದ ಸೇವೆಗೆ ಸಲ್ಲಬೇಕಾದದ್ದು ಎಂದು ಹೇಳಿದ ಆ ತೀರ್ಪು, 1979ರ ಮಾರ್ಚ್ 31ರಂದು ಅಥವಾ ನಂತರ ನಿವೃತ್ತರಾದವರಿಗೆ ಮಾತ್ರ ಹೆಚ್ಚಿನ ಪಿಂಚಣಿ ಕೊಟ್ಟು ಅದಕ್ಕೆ ಮೊದಲಿನವರನ್ನು ಹೊರಗಿಟ್ಟ ನಿಯಮವನ್ನು ತಾರತಮ್ಯವೆಂದು ತಳ್ಳಿಹಾಕಿತು. ಒಂದು ದಿನಾಂಕವು ಸಮಾನರನ್ನು ಎರಡು ಪಂಗಡ ಮಾಡಬಾರದೆಂಬ ತತ್ತ್ವ ನಿವೃತ್ತರ ಪಾಲಿಗೆ ಹೀಗೆ ಸ್ಥಾಪನೆಯಾಯಿತು. ಆದರೆ ಸೇವೆಗೆ ಸೇರುವ ದಿನದ ಮೇಲೆ ಗೆರೆ ಎಳೆದರೆ, ಸೇರುವಾಗಲೇ ಷರತ್ತು ತಿಳಿದಿತ್ತು ಎಂದು ಸರ್ಕಾರ ವಾದಿಸಬಹುದಿತ್ತು, ಮುಂದೆ ನಡೆದದ್ದೂ ಅದೇ.

ಆ ಗೆರೆಯ ಹಿನ್ನೆಲೆ ರಾಜ್ಯದ ಹಣಕಾಸಿನಲ್ಲಿತ್ತು. ಕೊರತೆಗೆ ಕಾನೂನಿನ ಮಿತಿ ಹಾಕುವ ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ದೇಶದ ರಾಜ್ಯಗಳಲ್ಲೇ ಮೊದಲಿಗೆ, 2002ರಲ್ಲಿ, ಅಂಗೀಕರಿಸಿದ್ದು ಕರ್ನಾಟಕ. ಕೇಂದ್ರ ಸರ್ಕಾರವು 2004ರ ಜನವರಿ 1ರಿಂದ ತನ್ನ ಹೊಸ ನೌಕರರಿಗೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯನ್ನು, ಜನರ ಬಾಯಲ್ಲಿ ಎನ್‌ಪಿಎಸ್ ಆದದ್ದನ್ನು, ಜಾರಿಗೊಳಿಸಿತು. ಎಚ್.ಡಿ. ಕುಮಾರಸ್ವಾಮಿ ಅವರ ನೇತೃತ್ವದ ಸರ್ಕಾರ 2006ರ ಫೆಬ್ರವರಿ 3ರಂದು ಅಧಿಕಾರಕ್ಕೆ ಬಂದ ಎರಡು ತಿಂಗಳೊಳಗೆ, ಏಪ್ರಿಲ್ 1ರಿಂದ, ಕರ್ನಾಟಕವೂ ಅದೇ ದಾರಿ ಹಿಡಿಯಿತು. ನೌಕರ ತನ್ನ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 10ರಷ್ಟನ್ನು ಕಟ್ಟಬೇಕು, ಸರ್ಕಾರವೂ ಅಷ್ಟೇ ಸೇರಿಸುತ್ತದೆ (ಸರ್ಕಾರದ ಪಾಲು ಮುಂದೆ ಶೇ 14ಕ್ಕೆ ಏರಿತು). ನಿವೃತ್ತಿಯ ದಿನ ಕೂಡಿದ ಮೊತ್ತದಲ್ಲಿ ಶೇ 60ರವರೆಗೆ ಒಮ್ಮೆಗೇ ಕೈಗೆ ಬರುತ್ತದೆ, ಉಳಿದ ಶೇ 40ರಲ್ಲಿ ವಿಮಾ ಕಂಪನಿಯಿಂದ ವರ್ಷಾಶನ, ಅಂದರೆ ಜೀವಿತಾವಧಿಯ ತಿಂಗಳ ಆದಾಯ, ಕೊಳ್ಳಬೇಕು.

ವ್ಯತ್ಯಾಸ ಎಷ್ಟೆಂದು ತಿಳಿಯಲು ಒಂದು ಕಾಲ್ಪನಿಕ ಲೆಕ್ಕ ಸಾಕು. ಕೊನೆಯ ಮೂಲ ವೇತನ 60,000 ರೂಪಾಯಿ ಇದ್ದ, ಪೂರ್ಣ ಸೇವೆ ಮುಗಿಸಿದ ಶಿಕ್ಷಕಿಗೆ ಹಳೆಯ ಪದ್ಧತಿಯಲ್ಲಿ, ಅಂದರೆ ಓಪಿಎಸ್‌ನಲ್ಲಿ, ತಿಂಗಳಿಗೆ 30,000 ರೂಪಾಯಿ, ಅದರ ಮೇಲೆ ಆಗಾಗ ಏರುವ ತುಟ್ಟಿಭತ್ಯೆ, ಆಕೆ ತೀರಿಕೊಂಡರೆ ಪತಿಗೆ ಕುಟುಂಬ ಪಿಂಚಣಿ. ಅದೇ ಶಿಕ್ಷಕಿ ಎನ್‌ಪಿಎಸ್‌ನಲ್ಲಿದ್ದು ಅವಳ ಖಾತೆಯಲ್ಲಿ 60 ಲಕ್ಷ ಕೂಡಿತ್ತೆಂದುಕೊಂಡರೆ, 36 ಲಕ್ಷ ಕೈಗೆ ಬಂದು, ಉಳಿದ 24 ಲಕ್ಷಕ್ಕೆ ಶೇ 6ರ ದರದಲ್ಲಿ ತಿಂಗಳಿಗೆ 12,000 ರೂಪಾಯಿ ಸಿಗುತ್ತದೆ; ಬೆಲೆಗಳು ಏರಿದರೂ ಆ 12,000 ಏರುವುದಿಲ್ಲ. ಕೈಗೆ ಬರುವ 36 ಲಕ್ಷ ಸಣ್ಣ ಮೊತ್ತವಲ್ಲ ಎಂಬುದು ನಿಜ. ಆದರೂ ಆಕೆ ಎಷ್ಟು ವರ್ಷ ಬದುಕುತ್ತಾಳೆ, ಮಾರುಕಟ್ಟೆ ಯಾವ ವರ್ಷ ಕುಸಿಯುತ್ತದೆ ಎಂಬ ಎರಡು ಅನಿಶ್ಚಿತತೆಗಳನ್ನು ಹಿಂದೆ ಸರ್ಕಾರ ಹೊರುತ್ತಿತ್ತು, ಈಗ ಬಹುಮಟ್ಟಿಗೆ ಆಕೆಯೇ ಹೊರುತ್ತಾಳೆ. 2006ರ ನಂತರ ಸೇರಿದ ತಲೆಮಾರಿಗೆ ಹೊರೆ ಎರಡು ಪಟ್ಟಾದದ್ದೂ ಹೀಗೆಯೇ: ತನ್ನ ಮುಪ್ಪಿಗಾಗಿ ಸಂಬಳದಿಂದ ಕಟ್ಟುತ್ತ, ಹಿರಿಯ ಸಹೋದ್ಯೋಗಿಗಳ ಪಿಂಚಣಿಗಾಗಿ ತೆರಿಗೆಯನ್ನೂ ಕಟ್ಟಬೇಕು.

ಎನ್‌ಪಿಎಸ್ ತಂದ ಇದೇ ಕುಮಾರಸ್ವಾಮಿ ಸರ್ಕಾರ ಹದಿನೈದು ತಿಂಗಳ ಬಳಿಕ, 2007ರ ಜುಲೈ 2ರಂದು, ಸಂಧ್ಯಾ ಸುರಕ್ಷಾ ಯೋಜನೆಯನ್ನು ಆರಂಭಿಸಿತು. ಒಂದು ಕಡೆ ನಿಶ್ಚಿತ ಪಿಂಚಣಿಯ ಬಾಗಿಲು ಮುಚ್ಚುತ್ತಿದ್ದಂತೆಯೇ, ಎಂದೂ ಸಂಬಳದ ಪಟ್ಟಿಯಲ್ಲಿರದವರಿಗೆ ಇನ್ನೊಂದು ಬಾಗಿಲು ತೆರೆಯಿತು. ವೃದ್ಧಾಪ್ಯ ವೇತನ ಈ ರಾಜ್ಯಕ್ಕೆ ಹೊಸದಲ್ಲ, 1965ರಿಂದಲೇ ಅದು ಇತ್ತು; 1995ರ ಆಗಸ್ಟ್ 15ರಂದು ಜಾರಿಯಾದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮದಡಿ ನಿರ್ಗತಿಕ ವೃದ್ಧರಿಗೆ ಕೇಂದ್ರವು ತಿಂಗಳಿಗೆ 75 ರೂಪಾಯಿ ಕೊಡತೊಡಗಿತ್ತು. ಆದರೆ ಸಣ್ಣ ಮತ್ತು ಅತಿ ಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರು, ಮೀನುಗಾರರು, ಅಸಂಘಟಿತ ಕಾರ್ಮಿಕರು ಎಂದು ದುಡಿಮೆಯ ಹೆಸರು ಹಿಡಿದು ಕರೆದದ್ದು ಸಂಧ್ಯಾ ಸುರಕ್ಷಾ. 65 ವರ್ಷ ತುಂಬಿದವರಿಗೆ ತಿಂಗಳಿಗೆ 400 ರೂಪಾಯಿ ಎಂದು ಅದು ಶುರುವಾಯಿತು.

ದೊಡ್ಡಬಳ್ಳಾಪುರದಂಥ ಊರಿನಲ್ಲಿ ಈ ಯೋಜನೆಯ ಅರ್ಥ ದೊಡ್ಡದು. ಅಲ್ಲಿನ ಬೀದಿಗಳಲ್ಲಿ ವಿದ್ಯುತ್ ಮಗ್ಗಗಳು ಮನೆಯ ಮುಂಗೋಣೆಯಲ್ಲೇ ಓಡುತ್ತವೆ. ಮಗ್ಗದ ಒಡೆಯ ಒಬ್ಬನಾದರೆ ನೇಯುವವನು ಇನ್ನೊಬ್ಬ, ಕೂಲಿ ಸೀರೆಯ ಲೆಕ್ಕದಲ್ಲಿ, ಹಾಜರಿ ಪುಸ್ತಕವಿಲ್ಲ, ಪಿಎಫ್ ಇಲ್ಲ. ಕಣ್ಣು ಮಂಜಾಗಿ ಎಳೆ ಕಾಣದಾದ ದಿನ, ಕಿವಿ ಮಗ್ಗದ ಸದ್ದಿಗೆ ಮಂದವಾದ ದಿನ, ಆ ನೇಕಾರನ ಸೇವೆ ಯಾವ ಆದೇಶವೂ ಇಲ್ಲದೆ ಮುಗಿಯುತ್ತದೆ. ಸಾಸಲು, ತೂಬಗೆರೆ, ಸೂಲಿಬೆಲೆ, ನಂದಗುಡಿ, ಸೋಂಪುರ, ತ್ಯಾಮಗೊಂಡ್ಲು ಹೋಬಳಿಗಳ ರಾಗಿ ಹೊಲಗಳಲ್ಲಿ ದುಡಿದವರ ಕಥೆಯೂ ಇದೇ. ಇಂಥವರು ಆಧಾರ್, ಪಡಿತರ ಚೀಟಿ, ವಯಸ್ಸಿನ ದಾಖಲೆ ಹಿಡಿದು ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ, ಗ್ರಾಮ ಲೆಕ್ಕಿಗರ ವರದಿಯಾಗಿ, ಮಂಜೂರಾತಿ ಆದೇಶ ಹೊರಡುತ್ತಿತ್ತು. ಹಣ ಮೊದಲು ಅಂಚೆಯಣ್ಣನ ಕೈಯಿಂದ ಮನಿಯಾರ್ಡರಿನಲ್ಲಿ ಬರುತ್ತಿತ್ತು, ಮುಂದೆ ನೇರವಾಗಿ ಖಾತೆಗೆ. ಆದಾಯದ ಮಿತಿಯ ಜೊತೆಗೆ ಬ್ಯಾಂಕ್ ಠೇವಣಿ 10,000 ರೂಪಾಯಿ ಮೀರಬಾರದೆಂಬ ಷರತ್ತೂ ಇತ್ತು. ಹೊಟ್ಟೆಬಟ್ಟೆ ಕಟ್ಟಿ ಹತ್ತು ಸಾವಿರಕ್ಕಿಂತ ಹೆಚ್ಚು ಉಳಿಸಿದ ಮುದುಕಿ ಆ ಉಳಿತಾಯದ ಕಾರಣಕ್ಕೇ ಅನರ್ಹಳಾಗುವ ನಿಯಮ ಕಠಿಣವಾದದ್ದು ಮಾತ್ರವಲ್ಲ, ಅನ್ಯಾಯದ್ದೂ ಹೌದು.

ಮೊತ್ತದ ಚರಿತ್ರೆ ಇನ್ನೂ ಹೆಚ್ಚು ಹೇಳುತ್ತದೆ. ಸರ್ಕಾರಿ ನಿವೃತ್ತರ ಪಿಂಚಣಿಗೆ ತುಟ್ಟಿಭತ್ಯೆಯ ಜೋಡಣೆಯಿದೆ, ಬೆಲೆ ಏರಿದಂತೆ ಅದು ತಾನಾಗಿ ಏರುತ್ತದೆ. ಸಂಧ್ಯಾ ಸುರಕ್ಷಾದ ಮೊತ್ತ ಮುಖ್ಯಮಂತ್ರಿಗಳ ಘೋಷಣೆಗಾಗಿ ಕಾಯಬೇಕು. 400 ರೂಪಾಯಿಯಿಂದ ಹಂತ ಹಂತವಾಗಿ 1,000ಕ್ಕೆ ಬಂದು, 2021ರ ಜುಲೈನಲ್ಲಿ ಬಸವರಾಜ ಬೊಮ್ಮಾಯಿ ಅಧಿಕಾರ ವಹಿಸಿಕೊಂಡ ದಿನಗಳಲ್ಲಿ 1,200 ಆಯಿತು. ಕೇಂದ್ರದ ಪಾಲು ಇನ್ನೂ ನಿಶ್ಚಲ: ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ಪಿಂಚಣಿ ಯೋಜನೆ ಎಂದು 2007ರಲ್ಲಿ ಮರುನಾಮಕರಣವಾದ ಕಾಲದಿಂದ 80 ವರ್ಷದೊಳಗಿನವರಿಗೆ ತಿಂಗಳಿಗೆ 200 ರೂಪಾಯಿ. ರಾಜ್ಯದ 2024–25ರ ಆಯವ್ಯಯದಲ್ಲಿ ನಿವೃತ್ತ ನೌಕರರ ಪಿಂಚಣಿಗೆ ಸುಮಾರು 32,000 ಕೋಟಿ ರೂಪಾಯಿ, ಅಂದರೆ ರಾಜಸ್ವ ಸ್ವೀಕೃತಿಯ ಎಂಟನೇ ಒಂದು ಭಾಗದಷ್ಟು, ಬೇಕಾಗಿತ್ತು. ವೃದ್ಧರು, ವಿಧವೆಯರು, ಅಂಗವಿಕಲರು ಸೇರಿ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಜನರ ಸಾಮಾಜಿಕ ಪಿಂಚಣಿಗೆ ಆ ವರ್ಷಗಳಲ್ಲಿ ಹೋಗುತ್ತಿದ್ದುದು ಹತ್ತು ಸಾವಿರ ಕೋಟಿಯ ಆಸುಪಾಸು. ಎರಡಕ್ಕೂ ಹಣ ಬರುವುದು ಅದೇ ಬೊಕ್ಕಸದಿಂದ, ಅದಕ್ಕೆ ತುಂಬುವವರಲ್ಲಿ ಸೋಪು, ಎಣ್ಣೆ, ಬಟ್ಟೆಯ ಮೇಲೆ ತೆರಿಗೆ ಕೊಡುವ ಅದೇ ನೇಕಾರನೂ ಇದ್ದಾನೆ.

ಕಾರ್ಖಾನೆಯ ಕೆಲಸಕ್ಕೆ ಹೋದವರದು ಮೂರನೆಯ ಬಗೆ. ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿ, ಅಪೆರೆಲ್ ಪಾರ್ಕ್, ನೆಲಮಂಗಲದಾಚೆ ಪೀಣ್ಯದವರೆಗಿನ ತುಮಕೂರು ರಸ್ತೆಯ ಗಾರ್ಮೆಂಟ್ಸ್ ಘಟಕಗಳಿಗೆ ಹಳ್ಳಿಗಳಿಂದ ಹೆಣ್ಣುಮಕ್ಕಳು ದಿನವೂ ವ್ಯಾನುಗಳಲ್ಲಿ ಹೋಗುತ್ತಾರೆ. ಇವರ ಸಂಬಳದಿಂದ ಪಿಎಫ್ ಕಡಿತವಾಗುತ್ತದೆ, ಮಾಲೀಕರ ಪಾಲಿನ ಒಂದಂಶ 1995ರ ನೌಕರರ ಪಿಂಚಣಿ ಯೋಜನೆಗೆ ಸೇರುತ್ತದೆ. ಆದರೆ ಆ ಪಿಂಚಣಿಗೆ ಹತ್ತು ವರ್ಷ ಸೇವೆಯಾಗಿರಬೇಕು, 2014ರಲ್ಲಿ ನಿಗದಿಯಾದ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಮದುವೆ, ಹೆರಿಗೆ, ಬೆನ್ನುನೋವು, ಉತ್ಪಾದನೆಯ ಗುರಿಯ ಒತ್ತಡ ಇವುಗಳ ನಡುವೆ ಹತ್ತು ವರ್ಷ ಒಂದೇ ಸಮನೆ ಹೊಲಿಗೆ ಯಂತ್ರದ ಮುಂದೆ ಕೂರಲು ಆಗದವರೇ ಹೆಚ್ಚು. ಅವರಿಗೆ ಪಿಎಫ್ ಎಂದರೆ ಕೆಲಸ ಬಿಟ್ಟಾಗ ಕೈಗೆ ಬರುವ ಇಡುಗಂಟು, ಮಗುವಿನ ಶಾಲೆಯ ಶುಲ್ಕ, ಸಾಲದ ತೀರುವಳಿ.

ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರವು 2016ರ ಫೆಬ್ರವರಿ 10ರಂದು ಅಧಿಸೂಚನೆ ಹೊರಡಿಸಿದಾಗ, ಅದರ ಉದ್ದೇಶ ಮುಪ್ಪಿಗೆ ಹಣ ಉಳಿಸುವುದೇ ಆಗಿತ್ತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನಲ್ಲಿ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು, ಯಾವ ದೊಡ್ಡ ನಾಯಕರ ಕರೆಯೂ ಇಲ್ಲದೆ, ಹೊಸೂರು ರಸ್ತೆ, ತುಮಕೂರು ರಸ್ತೆಗಳಿಗೆ ಇಳಿದರು. ಲಾಠಿ ಪ್ರಹಾರವಾಯಿತು, ಬಸ್ಸುಗಳು ಉರಿದವು, ಹೆಬ್ಬಗೋಡಿ ಠಾಣೆಯ ಆವರಣದಲ್ಲಿ ವಾಹನಗಳು ಸುಟ್ಟವು. 19ರ ಸಂಜೆಯ ಹೊತ್ತಿಗೆ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಆ ಅಧಿಸೂಚನೆಯನ್ನು ಹಿಂತೆಗೆದುಕೊಂಡ ಘೋಷಣೆ ಮಾಡಿದರು. ಮುಪ್ಪಿನ ಭದ್ರತೆಯನ್ನು ಹೆಣ್ಣುಮಕ್ಕಳೇ ತಿರಸ್ಕರಿಸಿದರು ಎಂದು ಅಂದು ಕೆಲವರು ಬರೆದದ್ದು ಸರಿಯಲ್ಲ. ಸಂಬಳವೇ ತಿಂಗಳು ದಾಟಿಸದಿದ್ದಾಗ, ತನ್ನ ಐವತ್ತೆಂಟನೆಯ ವರ್ಷಕ್ಕೂ ಮಗಳ ಈ ವರ್ಷದ ಓದಿಗೂ ನಡುವೆ ಯಾವುದನ್ನು ಆರಿಸಬೇಕೆಂದು ಕೇಳಿದರೆ ತಾಯಿಯೊಬ್ಬಳು ಏನು ಹೇಳುತ್ತಾಳೆಂಬುದನ್ನು ಆ ಎರಡು ದಿನಗಳು ತೋರಿಸಿದವು.

ಉಳಿದದ್ದು ಭೂಮಿ. ದೇವನಹಳ್ಳಿಯ ಬಳಿ ಸುಮಾರು 4,000 ಎಕರೆಯಲ್ಲಿ ಎದ್ದ ವಿಮಾನ ನಿಲ್ದಾಣ 2008ರ ಮೇ 24ರಂದು ಕಾರ್ಯಾರಂಭ ಮಾಡಿದ ಮೇಲೆ ಸುತ್ತಲಿನ ನೆಲದ ಬೆಲೆ ಹಿಂದಿನ ಯಾವ ಅಳತೆಗೂ ಸಿಗದಂತೆ ಏರಿತು. ಜಮೀನು ಮಾರಿದ ಅಥವಾ ಪರಿಹಾರ ಪಡೆದ ತಲೆಮಾರಿನ ಕೈಗೆ ಬಂದ ಹಣ, ಮುಂದಿನ ತಲೆಮಾರಿನ ರಾಗಿ, ದ್ರಾಕ್ಷಿ, ರೇಷ್ಮೆಯ ಆದಾಯವನ್ನು ಒಂದೇ ಸಲಕ್ಕೆ ಎತ್ತಿಕೊಂಡಂತೆಯೇ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆಂದು ಸ್ವಾಧೀನಪಡಿಸಿಕೊಳ್ಳುವ ಕ್ರಮದ ವಿರುದ್ಧ 2022ರ ಏಪ್ರಿಲ್‌ನಲ್ಲಿ ಆರಂಭವಾದ ಧರಣಿ ಮೂರು ವರ್ಷ ದಾಟಿ, 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನವನ್ನು ಕೈಬಿಟ್ಟಿರುವುದಾಗಿ ಘೋಷಿಸುವವರೆಗೂ ನಡೆಯಿತು. ಪಿಂಚಣಿಯಿಲ್ಲದ ಮನೆಗೆ ಹೊಲವೇ ಪಿಂಚಣಿ ಎಂಬುದು ಆ ಹಟದ ಹಿಂದಿದ್ದ ಲೆಕ್ಕ. ಇದಕ್ಕೆ ತದ್ವಿರುದ್ಧವಾದ ಕಹಿಯೂ ಇದೆ: ಮಕ್ಕಳ ಹೆಸರಿಗೆ ಆಸ್ತಿ ಬರೆದುಕೊಟ್ಟು ಅನಂತರ ಅನ್ನಕ್ಕೆ ಅಲೆಯಬೇಕಾದ ತಂದೆತಾಯಿಗಳು 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಹೋಗಿ ದಾನಪತ್ರ ರದ್ದುಪಡಿಸಲು ಕೇಳಬಹುದು.

ಸರ್ಕಾರಿ ನೌಕರರ ಅಸಮಾಧಾನ ದೊಡ್ಡ ಚಳವಳಿಯಾದದ್ದು 2022ರ ಡಿಸೆಂಬರ್‌ನಲ್ಲಿ. ಎನ್‌ಪಿಎಸ್ ನೌಕರರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಅನಿರ್ದಿಷ್ಟ ಧರಣಿ ಕೂತರು. ಅದೇ ವರ್ಷ ರಾಜಸ್ಥಾನ, ಛತ್ತೀಸಗಢಗಳು ಹಳೆಯ ಪಿಂಚಣಿಗೆ ಮರಳಿದ್ದವು, ಹಿಮಾಚಲ ಪ್ರದೇಶದ ಚುನಾವಣೆಯಲ್ಲಿ ಅದೇ ಮುಖ್ಯ ಮಾತಾಗಿತ್ತು. 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರ ಸಂಘ ಕರೆಕೊಟ್ಟ ಮುಷ್ಕರಕ್ಕೆ ಶಾಲೆ, ತಾಲ್ಲೂಕು ಕಚೇರಿಗಳು ಬಾಗಿಲು ಹಾಕಿದವು. ಮಧ್ಯಂತರ ಪರಿಹಾರವಾಗಿ ಶೇ 17ರ ವೇತನ ಹೆಚ್ಚಳ ಮತ್ತು ಪಿಂಚಣಿಯ ಅಧ್ಯಯನಕ್ಕೆ ಸಮಿತಿ ಎಂಬ ಆದೇಶ ಬಂದ ಮೇಲೆ ಅದೇ ದಿನ ಮುಷ್ಕರ ನಿಂತಿತು. ಹಳೆಯ ಪಿಂಚಣಿಗೆ ಪೂರ್ತಿ ಮರಳುವುದರ ಬೆಲೆಯನ್ನು ರಿಸರ್ವ್ ಬ್ಯಾಂಕಿನ 2023ರ ಸೆಪ್ಟೆಂಬರ್ ಬುಲೆಟಿನ್ನಿನ ಅಧ್ಯಯನವೊಂದು ಅಂದಾಜಿಸಿತು: ರಾಜ್ಯಗಳ ಒಟ್ಟು ಹೊರೆ ಎನ್‌ಪಿಎಸ್‌ನ ಹೊರೆಯ 4.5 ಪಟ್ಟಿನವರೆಗೆ ಹೋಗಬಹುದು. ಈ ಲೆಕ್ಕವನ್ನು ನೌಕರರ ಮುಖಂಡರು ಒಪ್ಪದಿದ್ದರೂ ಅದರ ಕಾಲಕ್ರಮ ಮುಖ್ಯವಾದದ್ದು. ಹಳೆಯದಕ್ಕೆ ಮರಳಿದ ಸರ್ಕಾರಕ್ಕೆ ವಂತಿಗೆ ಕಟ್ಟುವುದು ತಕ್ಷಣ ತಪ್ಪುತ್ತದೆ, ಆದ್ದರಿಂದ ಮೊದಲ ವರ್ಷಗಳಲ್ಲಿ ಹಣ ಉಳಿದಂತೆಯೇ ಕಾಣುತ್ತದೆ. ಬಿಲ್ಲು ಬರುವುದು 2006ರಲ್ಲಿ ಸೇರಿದವರು ನಿವೃತ್ತರಾಗುವ 2030 ಮತ್ತು 2040ರ ದಶಕಗಳಲ್ಲಿ, ಆಗ ಅದನ್ನು ತೀರಿಸಬೇಕಾದವರಲ್ಲಿ ಹಲವರಿಗೆ ಇಂದು ಮತದಾನದ ವಯಸ್ಸೂ ಆಗಿಲ್ಲ.

ಕರ್ನಾಟಕ 2024ರ ಜನವರಿಯಲ್ಲಿ ಹೊರಡಿಸಿದ ಆದೇಶ ಸೀಮಿತವಾದದ್ದು, ಆದರೆ ನ್ಯಾಯಯುತವಾದದ್ದು. 2006ರ ಏಪ್ರಿಲ್‌ಗೆ ಮೊದಲೇ ನೇಮಕಾತಿ ಅಧಿಸೂಚನೆ ಹೊರಟು, ಆಯ್ಕೆಯ ವಿಳಂಬದಿಂದ ಆ ದಿನಾಂಕದ ನಂತರ ಸೇವೆಗೆ ಸೇರಿದ ಸುಮಾರು 13,000 ನೌಕರರನ್ನು ಅದು ಹಳೆಯ ಪಿಂಚಣಿಗೆ ಸೇರಿಸಿತು. ತಡಮಾಡಿದ್ದು ಸರ್ಕಾರ, ದಂಡ ತೆತ್ತವರು ಅಭ್ಯರ್ಥಿಗಳು ಎಂಬ ಅವರ ಹದಿನೆಂಟು ವರ್ಷಗಳ ದೂರಿಗೆ ಹೀಗೆ ಉತ್ತರ ಸಿಕ್ಕಿತು. ಅದೇ ವರ್ಷ ಕೇಂದ್ರ ಸಂಪುಟ ಏಕೀಕೃತ ಪಿಂಚಣಿ ಯೋಜನೆಯನ್ನು ಒಪ್ಪಿ, 25 ವರ್ಷ ಸೇವೆ ಸಲ್ಲಿಸಿದ ಕೇಂದ್ರ ನೌಕರರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧವನ್ನು ನಿಶ್ಚಿತಗೊಳಿಸುವ, ಆದರೆ ವಂತಿಗೆಯನ್ನೂ ಉಳಿಸಿಕೊಳ್ಳುವ ನಡುದಾರಿ ಹಿಡಿಯಿತು. ಆಗಸ್ಟ್ 1ರಿಂದ ರಾಜ್ಯದಲ್ಲಿ ಏಳನೇ ವೇತನ ಆಯೋಗದ ಶಿಫಾರಸು ಜಾರಿಯಾದಾಗ ಸಂಧ್ಯಾ ಸುರಕ್ಷಾದ ಮೊತ್ತ 1,200 ರೂಪಾಯಿಯೇ ಆಗಿತ್ತು.

2005ರಲ್ಲಿ ಇಪ್ಪತ್ತರ ಹರೆಯದಲ್ಲಿ ಸೇವೆಗೆ ಸೇರಿದ ಓಪಿಎಸ್ ನೌಕರರು ನಿವೃತ್ತರಾಗುವುದು 2045ರ ಸುಮಾರಿಗೆ, ಅವರ ಪಿಂಚಣಿ 2060ರ ದಶಕದವರೆಗೂ ಸಲ್ಲಬೇಕು. ಆ ಹೊತ್ತಿಗೆ ಇನ್ನೊಂದು ಭರವಸೆಯೂ ಪಾವತಿಗೆ ಬಂದಿರುತ್ತದೆ. ಅಸಂಘಟಿತ ಕಾರ್ಮಿಕರಿಗಾಗಿ 2019ರಲ್ಲಿ ಆರಂಭವಾದ ಪ್ರಧಾನಮಂತ್ರಿ ಶ್ರಮಯೋಗಿ ಮಾನ್‌ಧನ್ ಯೋಜನೆಯಲ್ಲಿ 18ರಿಂದ 40 ವರ್ಷದವರು ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟುತ್ತ ಹೋದರೆ 60 ತುಂಬಿದ ಮೇಲೆ ತಿಂಗಳಿಗೆ 3,000 ರೂಪಾಯಿ ಸಿಗುತ್ತದೆ. ಮೊದಲ ವರ್ಷ, ನಲವತ್ತನೆಯ ವಯಸ್ಸಿನಲ್ಲಿ, ಸೇರಿದ ದೊಡ್ಡಬಳ್ಳಾಪುರದ ಮಗ್ಗದ ಕೂಲಿಗೆ ಆ ಹಣ 2039ರಲ್ಲಿ ಬರಲಾರಂಭಿಸುತ್ತದೆ, ಹದಿನೆಂಟರಲ್ಲಿ ಸೇರಿದ ಅವನ ಮಗನಿಗೆ 2061ರಲ್ಲಿ. ಇಬ್ಬರಿಗೂ ಯೋಜನೆಯಲ್ಲಿ ಬರೆದಿರುವ ಮೊತ್ತ ಒಂದೇ, ಅದಕ್ಕೆ ತುಟ್ಟಿಭತ್ಯೆಯ ಜೋಡಣೆಯಿಲ್ಲ.